ಹುಲಿ ನೋಡೋಕೆ ಟಿಕೆಟ್ ಬೇಡ

ಮೇಷ್ಟ್ರು ಬಾಗಿಲ ಹತ್ತಿರ ನಿಂತು ಪರ್ಸು ತೆಗೆದರು. 2019ರ ನವೆಂಬರಿನ ಒಂದು ಶುಕ್ರವಾರ ಸಂಜೆ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಕೌಂಟರ್ ಎಲ್ಲಿದೆ ಎಂದು ಅವರು ಆಚೀಚೆ ನೋಡುತ್ತಿರುವಾಗಲೇ ಮೊಮ್ಮಗಳು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬ್ಯಾಗು ತೆರೆದು ತೋರಿಸಿದ್ದು ಬಿಟ್ಟರೆ ಯಾರೂ ಏನೂ ಕೇಳಲಿಲ್ಲ.

"ಟಿಕೆಟ್ಟು?"

"ಇಲ್ಲ ತಾತ. ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳಲ್ಲಿ ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ. ವಿಶೇಷ ಪ್ರದರ್ಶನಕ್ಕೆ ಮಾತ್ರ ಇದೆ. ಶುಕ್ರವಾರ ರಾತ್ರಿ ಹತ್ತರವರೆಗೂ ತೆರೆದಿರುತ್ತೆ."

ಹುಡುಗಿ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು. ತಾತ ಮದ್ದೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಜೊತೆಯಲ್ಲಿ ಇನ್ನೊಬ್ಬರಿದ್ದರು: 1973ರಲ್ಲಿ ನರ್ಸ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ, ಎಲ್ಲರೂ ಸಿಸ್ಟರ್ ಎಂದೇ ಕರೆಯುವ ಕನ್ನಡದ ಹಿರಿಯರು. ಮೇಷ್ಟ್ರಿಗೆ ಲಂಡನ್ನಿನಲ್ಲಿ ಇದ್ದದ್ದು ನಾಲ್ಕು ದಿನ. ಮೊಮ್ಮಗಳು ಒಂಬತ್ತು ಮ್ಯೂಸಿಯಂಗಳ ಪಟ್ಟಿ ಮಾಡಿದ್ದಳು. ಎಲ್ಲವೂ ಉಚಿತ. ಖರ್ಚೆಂದರೆ ಆಗ ಒಂದೂವರೆ ಪೌಂಡಿದ್ದ ಬಸ್ ಚಾರ್ಜು.

ಅವರು ಮೊದಲು ಹೋದದ್ದು 41ನೇ ಕೊಠಡಿಗೆ.

ಗಾಜಿನ ಪೆಟ್ಟಿಗೆಯೊಳಗೆ ಟಿಪ್ಪುವಿನ ಹುಲಿ. ಮರದಲ್ಲಿ ಕಡೆದು ಬಣ್ಣ ಬಳಿದದ್ದು, ಉದ್ದ ಹೆಚ್ಚುಕಡಿಮೆ ಆರಡಿ. ಕೆಂಪು ಕೋಟಿನ, ಕಪ್ಪು ಟೋಪಿಯ ಬಿಳಿಯನೊಬ್ಬ ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಎದೆಯ ಮೇಲೆ ಕೂತು ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯ. ಭುಜದ ಹತ್ತಿರದ ಹಿಡಿಕೆ ತಿರುವಿದರೆ ಮನುಷ್ಯನ ಎಡಗೈ ಬಾಯಿಯ ಬಳಿ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಮೇಷ್ಟ್ರು ಮೂವತ್ತು ವರ್ಷ ಪುಸ್ತಕದ ಚಿತ್ರ ತೋರಿಸಿ ಈ ಪಾಠ ಮಾಡಿದ್ದರು. ಪೆಟ್ಟಿಗೆಯನ್ನು ಎರಡು ಸುತ್ತು ಬಂದರು. ಆಮೇಲೆ ಬಗ್ಗಿ, ಬಿದ್ದವನ ಬೂಟುಗಳನ್ನು ನೋಡುತ್ತ ನಿಂತರು.

"ಬೂಟಿಗೆ ಬಕಲ್ ಬೇರೆ ಬರೆದಿದ್ದಾನೆ. ಪುಸ್ತಕದಲ್ಲಿ ಇದು ಕಾಣಿಸ್ತಿರಲಿಲ್ಲ ನೋಡು."

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹುಡುಗಿ ಮೊಬೈಲಿನಲ್ಲಿ ಗಂಟೆ ನೋಡಿದಳು. "ತಾತ, ಇನ್ನೂ ನೂರಕ್ಕೂ ಮೇಲೆ ಕೊಠಡಿ ಇವೆ."

"ಇರಲಿ ಬಿಡಮ್ಮ. ದುಡ್ಡು ಕೊಟ್ಟು ಬಂದಿದ್ದರೆ ನಾನೂ ಓಡ್ತಿದ್ದೆ. ಕೊಟ್ಟ ಕಾಸಿಗೆ ಎಲ್ಲಾ ನೋಡಿಬಿಡಬೇಕು ಅನ್ನಿಸ್ತಿತ್ತು. ಕೊಟ್ಟಿಲ್ಲವಲ್ಲ, ಒಂದೇ ಒಂದು ನೋಡಿದರೂ ನಷ್ಟ ಇಲ್ಲ."

"ಹಾಗಾದರೆ ಎಲ್ಲರೂ ನಿಧಾನವಾಗಿ ನೋಡಬೇಕಿತ್ತು. ನೋಡಿ, ಫೋಟೋ ತೆಗೆದು ಹೋಗ್ತಾ ಇದ್ದಾರೆ. ಬೆಲೆ ಇಲ್ಲದ್ದಕ್ಕೆ ಗೌರವ ಕಮ್ಮಿ ಅಂತ ನಮ್ಮ ಕ್ಲಾಸಿನಲ್ಲೂ ವಾದ ಮಾಡೋರಿದ್ದಾರೆ."

ಸಿಸ್ಟರ್ ಆ ತನಕ ಸುಮ್ಮನಿದ್ದರು. "ಆ ವಾದ ಇವರು ನಿಜವಾಗಿಯೇ ಮಾಡಿ ನೋಡಿದ್ದಾರೆ ಕಣಮ್ಮ. ನಾನು ಬಂದ ಹೊಸದರಲ್ಲೇ, 1974ರ ಜನವರಿಯಲ್ಲಿ, ಸರ್ಕಾರ ಮ್ಯೂಸಿಯಂಗಳಿಗೆ ಟಿಕೆಟ್ ಹಾಕಿತು. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹತ್ತು ಪೆನ್ಸ್. ಚುನಾವಣೆ ಬಂತು, ಸರ್ಕಾರ ಬದಲಾಯಿತು, ಮೂರೇ ತಿಂಗಳಿಗೆ ಟಿಕೆಟ್ ಹೋಯಿತು. ಆದರೆ ಆಮೇಲೆ ಈ ಮ್ಯೂಸಿಯಂ ಏನು ಮಾಡಿತು ಗೊತ್ತಾ? 1985ರಲ್ಲಿ ಬಾಗಿಲಲ್ಲೇ ಕಾಣಿಕೆ ಕೇಳೋಕೆ ಶುರು ಮಾಡಿತು. ಬಲವಂತ ಇಲ್ಲ, ಮನಸ್ಸಿದ್ದಷ್ಟು ಕೊಡಿ ಅಂತ. ಕೇಳಿದ ಮೇಲೆ ಕೊಡದೆ ಹೋಗೋಕಾಗುತ್ತಾ? ಆ ಸಂಕೋಚವೇ ಟಿಕೆಟ್ ಆಗಿಹೋಯ್ತು. ತಿಂಗಳ ಕೊನೆಯಲ್ಲಿ ನಾನು ಬರೋದೇ ಬಿಟ್ಟೆ. 1996ರಲ್ಲಂತೂ ಐದು ಪೌಂಡ್ ಕಡ್ಡಾಯ ಮಾಡಿದರು."

"ಮತ್ತೆ ಹೇಗೆ ತೆಗೆದರು?" ಎಂದರು ಮೇಷ್ಟ್ರು.

ಇದು ಹುಡುಗಿಗೆ ಗೊತ್ತಿದ್ದ ವಿಷಯ. ಮೊದಲು ಮಕ್ಕಳಿಗೆ ಬಿಟ್ಟರು, ಆಮೇಲೆ ಅರವತ್ತು ದಾಟಿದವರಿಗೆ, 2001ರ ಡಿಸೆಂಬರ್ 1ರಿಂದ ಎಲ್ಲರಿಗೂ. ನಡುವೆ ಕಾಡಿದ್ದು ತೆರಿಗೆಯ ತೊಡಕು. ಟಿಕೆಟ್ ಮಾರುವ ಮ್ಯೂಸಿಯಂ ವ್ಯಾಪಾರಿ ಸಂಸ್ಥೆ ಎನಿಸಿಕೊಂಡು, ತಾನು ಕಟ್ಟಿದ ವ್ಯಾಟ್ ಹಿಂದಕ್ಕೆ ಪಡೆಯಬಹುದಿತ್ತು. ಪುಕ್ಕಟೆ ತೋರಿಸುವ ಮ್ಯೂಸಿಯಂ ವ್ಯಾಪಾರ ಮಾಡುತ್ತಿಲ್ಲವಾದ್ದರಿಂದ ಅದಕ್ಕೆ ಆ ಹಣ ಸಿಗುತ್ತಿರಲಿಲ್ಲ. ಬಾಗಿಲು ತೆರೆದವನಿಗೇ ದಂಡ ಬಿದ್ದಂತಾಗಿತ್ತು. 2001ರಲ್ಲಿ ಆ ಕಾನೂನು ತಿದ್ದಿದರು. ಟಿಕೆಟ್ ಕಿತ್ತ ಮ್ಯೂಸಿಯಂಗಳಿಗೆ ಬರುವ ಜನ ಹತ್ತು ವರ್ಷದಲ್ಲಿ ಎರಡು ಪಟ್ಟಿಗೂ ಮೀರಿದರು.

"ಅಂದರೆ ಉಚಿತ ಅನ್ನೋದು ಸುಳ್ಳು ತಾತ. ಇಲ್ಲಿ ತೆರಿಗೆ ಕಟ್ಟೋರು ನಮ್ಮ ಟಿಕೆಟ್ ಕೊಂಡಿದ್ದಾರೆ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಸಿಸ್ಟರ್ ಕಟ್ಟಿದ ದುಡ್ಡಲ್ಲಿ ನೀವು ಹುಲಿ ನೋಡ್ತಿದ್ದೀರಿ."

ಸಿಸ್ಟರ್ ನಕ್ಕರು. "ಕಟ್ಟಿದ್ದೇನೆ, ಸಂತೋಷವಾಗಿಯೇ ಕಟ್ಟಿದ್ದೇನೆ. ನೋಡಲಿ ಬಿಡು."

ಮೇಷ್ಟ್ರು ಮಾತ್ರ ನಗಲಿಲ್ಲ. "ಇದಕ್ಕೆ ಕಟ್ಟಿದೋರು ಬೇರೆಯವರೂ ಇದ್ದಾರೆ ತಾಯಿ. 1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿದ್ದು ಇದು. 1808ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿತ್ತು. ಬಂದಬಂದವರೆಲ್ಲ ಹಿಡಿಕೆ ತಿರುವಿ ತಿರುವಿ, ಪಕ್ಕದಲ್ಲಿ ಓದುತ್ತಾ ಕೂತವರಿಗೆ ತಲೆ ಚಿಟ್ಟು ಹಿಡಿದಿತ್ತಂತೆ. 1880ರಲ್ಲಿ ಇಲ್ಲಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಚಾವಣಿ ಕುಸಿದು ಚೂರುಚೂರಾಯಿತು. ಮತ್ತೆ ಜೋಡಿಸಿದರು. ನಮ್ಮೂರಿನ ಪಕ್ಕದ ಊರಿಂದ ಹೊರಟ ಸಾಮಾನು. ಇದನ್ನು ನನಗೆ ಉಚಿತವಾಗಿ ತೋರಿಸ್ತೀನಿ ಅನ್ನೋ ಮಾತನ್ನು ಹೇಗೆ ತಗೋಬೇಕು, ಹೇಳು."

"ಟಿಕೆಟ್ ಇಟ್ಟಿದ್ದರೆ ಇನ್ನೂ ಅನ್ಯಾಯ ಅಲ್ಲವಾ?"

"ಹೌದು, ಇನ್ನೂ ಅನ್ಯಾಯ. ಅಷ್ಟನ್ನು ಒಪ್ತೀನಿ. ಆದರೆ ನಿನ್ನ ಲೆಕ್ಕದಲ್ಲಿ ಬಸ್ ಚಾರ್ಜ್ ಇದೆ, ವೀಸಾ ಇಲ್ಲ. ಅದಕ್ಕೆ 95 ಪೌಂಡ್ ಕಟ್ಟಿ ಬಂದಿದ್ದೀನಿ. ವಿಮಾನದ್ದು ಬೇರೆ. ಬಾಗಿಲು ಪುಕ್ಕಟೆ ಕಣಮ್ಮ, ದಾರಿ ಅಲ್ಲ."

ಆ ಸಂಜೆಯ ಮುಖ್ಯ ಮಾತು ಇದೇ. ಹುಡುಗಿ ಸುಲಭಕ್ಕೆ ಸೋಲಲಿಲ್ಲ. ಬಾಗಿಲಲ್ಲಿ ಊರು ಕೇಳದಿರುವುದೇ ದೊಡ್ಡದು ಎಂದಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2018ರ ಮಾರ್ಚಿನಿಂದ ತನ್ನ ರಾಜ್ಯದವರನ್ನು ಮನಸ್ಸಿಗೆ ಬಂದಷ್ಟು ಕೊಟ್ಟು ಹೋಗಲು ಬಿಟ್ಟು, ಹೊರಗಿನವರಿಗೆ ಆಗ 25 ಡಾಲರ್ ಇಟ್ಟಿತ್ತು. 1793ರಲ್ಲಿ ಪ್ರಜೆಗಳಿಗೆಂದು ತೆರೆದ ಪ್ಯಾರಿಸ್ಸಿನ ಲೂವ್ರ್ 1922ರಲ್ಲಿ ಟಿಕೆಟ್ ಶುರು ಮಾಡಿತು. ಅಲ್ಲಿ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಯುರೋಪಿಯನ್ ಒಕ್ಕೂಟದ ನಿವಾಸಿಗಳಿಗೆ ಉಚಿತ, ಅದೇ ವಯಸ್ಸಿನ, ಭಾರತದಲ್ಲಿ ವಾಸಿಸುವ ಹುಡುಗಿಗೆ ಇಲ್ಲ. "ನಮ್ಮಲ್ಲೂ ಅಷ್ಟೇ ಅಲ್ಲವಾ? ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ನಮಗೆ 40 ರೂಪಾಯಿ, ಹೊರದೇಶದವರಿಗೆ 600. ನನ್ನ ಗೆಳತಿಯನ್ನು ಕರೆದುಕೊಂಡು ಹೋದಾಗ ಆ ಬೋರ್ಡ್ ಓದಿ ಹೇಳೋಕೆ ನಾಚಿಕೆಯಾಯಿತು. ಇಲ್ಲಿ ಪಾಸ್‌ಪೋರ್ಟ್ ತೋರಿಸು ಅಂತ ಯಾರೂ ನನ್ನನ್ನು ಕೇಳಿಲ್ಲ."

"ಹೊಟ್ಟೆ ಹಸೀತಾ ಇದೆ," ಎಂದರು ಸಿಸ್ಟರ್.

ಚೀಲದಲ್ಲಿ ಚಿತ್ರಾನ್ನವಿತ್ತು. ಗ್ಯಾಲರಿಯೊಳಗೆ ತಿನ್ನುವಂತಿಲ್ಲ. ಚಳಿಯಲ್ಲೇ ನಡುವಿನ ಅಂಗಳಕ್ಕೆ ಹೋಗಿ, ಮೊಟ್ಟೆಯಾಕಾರದ ಕೊಳದ ಪಕ್ಕ ಕೂತು ಡಬ್ಬಿ ತೆರೆದರು. ತಿನ್ನುತ್ತ ಹುಡುಗಿ ಹೇಳಿದ ಕಥೆ ಮೇಷ್ಟ್ರಿಗೆ ಬಹಳ ಹಿಡಿಸಿತು. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಮೇಲ್ವಿಚಾರಕ ಥಾಮಸ್ ಯೂವಿನ್ಸ್ 1850ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ದೂರು ಹೇಳಿದ. ಹಳ್ಳಿಯ ಕಡೆಯವರು ಬುತ್ತಿ ಬುಟ್ಟಿ ಸಮೇತ ಒಳಗೆ ಬಂದು, ಕುರ್ಚಿಗಳನ್ನು ಸುತ್ತ ಎಳೆದುಕೊಂಡು ಊಟಕ್ಕೆ ಕೂತುಬಿಟ್ಟಿದ್ದರು. ಇದು ಸರಿಯಲ್ಲ ಎಂದು ಹೇಳಲು ಹೋದರೆ, ನೀವೂ ಒಂದು ಗುಟುಕು ಜಿನ್ ತಗೊಳ್ಳಿ ಎಂದು ಅವನಿಗೇ ಕೊಡಲು ಬಂದರು. ಮಳೆ ಬಂದಾಗ ಆಸರೆಗೆ ಬರುವ ಜನ, ಜನರೊಂದಿಗೆ ಬರುವ ದೂಳು, ಊರಿನ ಕಲ್ಲಿದ್ದಲ ಹೊಗೆ, ಇವುಗಳಿಂದ ಚಿತ್ರಗಳು ಹಾಳಾಗುತ್ತಿವೆ, ಗ್ಯಾಲರಿಯನ್ನು ಊರಾಚೆಗೆ ಒಯ್ಯಬೇಕು ಎಂಬ ಒತ್ತಾಯ ಜೋರಾಗಿತ್ತು. 1857ರ ಆಯೋಗ ಬೇಡವೆಂದಿತು. ಚಿತ್ರ ಇರುವುದು ಜನ ನೋಡಲಿಕ್ಕೆ, ಜನ ಬರಲಾಗದ ಕಡೆ ಅದನ್ನು ಕಾಪಾಡಿ ಏನು ಪ್ರಯೋಜನ ಎಂಬ ವಾದ ಗೆದ್ದಿತು. ಗ್ಯಾಲರಿ ಇಂದಿಗೂ ಚೌಕದಲ್ಲೇ ಇದೆ.

"ದಾರಿ ಅನ್ನೋದನ್ನು ಅವರು ಅವತ್ತೇ ಯೋಚನೆ ಮಾಡಿದ್ದಾರೆ ನೋಡು," ಎಂದರು ಮೇಷ್ಟ್ರು.

"ಈ ಮ್ಯೂಸಿಯಂ ಕೂಡ ಅಷ್ಟೇ," ಎಂದರು ಸಿಸ್ಟರ್. "1857ರಲ್ಲಿ ಇಲ್ಲಿ ತೆರೆದಾಗ ಇದರ ಮೊದಲ ನಿರ್ದೇಶಕ ಹೆನ್ರಿ ಕೋಲ್ ಗ್ಯಾಸ್ ದೀಪ ಹಾಕಿಸಿದ್ದು ಯಾಕೆ? ಹಗಲು ಕೂಲಿ ಮಾಡೋರು ರಾತ್ರಿ ಬರಲಿ ಅಂತ. ನೈಟ್ ಡ್ಯೂಟಿ, ಡೇ ಡ್ಯೂಟಿ ಅಂತ ಒದ್ದಾಡೋ ನಮ್ಮಂಥವರಿಗೆ ಟಿಕೆಟ್ಟಿಗಿಂತ ಹೊತ್ತು ಮುಖ್ಯ. ಐದೂ ಮುಕ್ಕಾಲಿಗೆ ಮುಚ್ಚಿದರೆ ಪುಕ್ಕಟೆಯಾದರೂ ನನಗೇನು ಬಂತು?"

ಮೇಷ್ಟ್ರು ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಕೊಳ ನೋಡುತ್ತ ಕೂತರು. ಆಮೇಲೆ ಹೇಳಿದ್ದು ಲಂಡನ್ನಿನ ಮಾತಲ್ಲ.

"ನಮ್ಮ ತಾಲ್ಲೂಕಿನ ಆತಕೂರು ಗೊತ್ತಲ್ಲ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಅಲ್ಲಿ ಕಲ್ಲು ನಿಲ್ಲಿಸಿದ್ದರು. ಹತ್ತನೇ ಶತಮಾನ, ಗಂಗ ಬೂತುಗನ ಕಾಲ. ನಾಯಿಯೂ ಹಂದಿಯೂ ಎದುರುಬದುರು ನಿಂತ ಚಿತ್ರ, ಸುತ್ತ ಹಳಗನ್ನಡದ ಬರಹ. ಆ ಕಲ್ಲು ಈಗ ಎಲ್ಲಿದೆ? ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ. ನಮ್ಮ ಹುಡುಗರಿಗೆ ಅದನ್ನು ತೋರಿಸಬೇಕಾದರೆ ಬಸ್ಸು ಮಾಡಿಸಬೇಕಿತ್ತು. ಟಿಕೆಟ್ಟು ಚಿಲ್ಲರೆ ಕಾಸು, ಬಸ್ಸಿನ ಬಾಡಿಗೆಯೇ ಭಾರ. ಒಂದು ವರ್ಷ ಹೋದರೆ ಮೂರು ವರ್ಷ ಇಲ್ಲ. ಹುಲಿ ಏಳು ಸಮುದ್ರ ದಾಟಿತು ಅಂತ ಸಿಟ್ಟು ಮಾಡಿಕೊಳ್ತೀನಿ. ನಾಯಿಯ ಕಲ್ಲು ಬೆಂಗಳೂರಿಗೆ ಹೋಗಿದ್ದಕ್ಕೆ ನನ್ನ ಹುಡುಗರು ಸಿಟ್ಟಾಗಬಾರದಾ?"

"ಕಲ್ಲನ್ನು ಕದ್ದುಕೊಂಡು ಹೋಗಲಿಲ್ಲ ತಾತ, ಕಾಪಾಡೋಕೆ ಇಟ್ಟರು. ಎರಡೂ ಒಂದೇ ಹೇಗಾಗುತ್ತೆ?"

"ಒಂದೇ ಅಲ್ಲ. ಯುದ್ಧದ ಕೊಳ್ಳೆ ಬೇರೆ, ಇಲಾಖೆಯ ಕೆಲಸ ಬೇರೆ. ನೋಡಲಾಗದ ಹುಡುಗನಿಗೆ ಮಾತ್ರ ಎರಡೂ ದೂರ."

ಈ ಮಾತಿಗೆ ಹುಡುಗಿಯಲ್ಲಿ ಉತ್ತರವಿರಲಿಲ್ಲ. ತಾನು ಬೆಲೆಯನ್ನು ಬಾಗಿಲಲ್ಲೇ ಅಳೆಯುತ್ತಿದ್ದೆ, ಮನೆಯಿಂದ ಅಳೆದರೆ ಲೆಕ್ಕವೇ ಬದಲಾಗುತ್ತದೆ ಎಂದಷ್ಟೇ ಹೇಳಿದಳು. ಅವಳು ಹೇಳಿದ್ದು ಸರಿ. ಕಡಿಮೆ ದುಡ್ಡಿನಲ್ಲಿ ಊರು ಸುತ್ತುವವರಿಗೆ ಲಂಡನ್ನಿನಷ್ಟು ಉದಾರವಾದ ನಗರಗಳು ಕೆಲವೇ. ಆ ಔದಾರ್ಯ ಅಲ್ಲಿಗೆ ತಲುಪಿದವರ ಪಾಲಿಗೆ.

ಹೊರಡುವಾಗ ಮೇಷ್ಟ್ರು ಮತ್ತೊಮ್ಮೆ 41ನೇ ಕೊಠಡಿಗೆ ಹೋಗಿ ಬಂದರು. ಬಾಗಿಲ ಬಳಿ ಗಾಜಿನ ಕಾಣಿಕೆ ಪೆಟ್ಟಿಗೆಯಿತ್ತು, ಒಳಗೆ ನಾನಾ ದೇಶದ ನೋಟುಗಳು. ಅವರು ಐದು ಪೌಂಡಿನ ನೋಟು ತೆಗೆದು ಕೈಯಲ್ಲಿ ಹಿಡಿದರು.

"ಹಾಕಿ, ಹಾಕದಿದ್ದರೂ ಯಾರೂ ಕೇಳೋದಿಲ್ಲ," ಎಂದರು ಸಿಸ್ಟರ್.

"ಇದು ಬಸ್ಸಿಗೆ ಇರಲಿ," ಎಂದು ಮೇಷ್ಟ್ರು ನೋಟನ್ನು ಮಡಿಸಿ ಒಳಜೇಬಿಗೆ ಇಟ್ಟುಕೊಂಡರು.

ಸಿಸ್ಟರ್ ತಮ್ಮ ಪರ್ಸಿನಿಂದ ಎರಡು ನೋಟು ತೆಗೆದರು. ಒಂದನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಅವರ ಕೈಗಿತ್ತರು. ಮದ್ದೂರಿನಿಂದ ಕಸ್ತೂರಬಾ ರಸ್ತೆಗೆ ಸುಮಾರು 80 ಕಿಲೋಮೀಟರ್.