ಹಿಂದಿನ ಸೀಟಿನ ಮೌನ

ಭರತ ಹುಣ್ಣಿಮೆಯ ಜಾತ್ರೆಗೆಂದು ಕೂಡ್ಲಿಗಿಯಿಂದ ಮೈಲಾರಕ್ಕೆ ಕಾರಿನಲ್ಲಿ ಹೊರಟಿದ್ದೆವು. ಕೊಟ್ಟೂರು ದಾಟುವಷ್ಟರಲ್ಲಿ ಅಕ್ಕನ 6 ವರ್ಷದ ಮಗ ನಾಲ್ಕು ಸಲ ಕೇಳಿದ್ದ: "ಇನ್ನಾ ಎಷ್ಟು ದೂರ ಐತಿ ಮಾಮ?" ಐದನೇ ಸಲಕ್ಕೆ ಮೊಬೈಲ್ ಅವನ ಕೈಗಿಟ್ಟೆ. ಸದ್ದಡಗಿತು. ಕೊಟ್ಟದ್ದು ಅವನ ಬೇಸರ ಕಳೆಯಲಿಕ್ಕೋ, ನನ್ನ ನೆಮ್ಮದಿಗೋ?

ಅಜ್ಜಿ ಇದೇ ಜಾತ್ರೆಗೆ ಚಕ್ಕಡಿಯಲ್ಲಿ ಹೋದವಳು. "ನಾವು ಹಿಂಗ ಕೇಳಿದ್ರೆ ದೊಡ್ಡೋರು ಒಗಟು ಹಾಕ್ತಿದ್ರು" ಎಂದಳು. ಆ ಕಾಲವೇ ಚೆಂದವೆನ್ನಲಾರೆ; ಚಕ್ಕಡಿಯಲ್ಲೂ ಮಕ್ಕಳು ಅತ್ತಿರುತ್ತವೆ, ಏಟು ತಿಂದಿರುತ್ತವೆ. ಆದರೆ ಒಗಟಿಗೆ ಎದುರಿಗೊಬ್ಬರು ಬೇಕು. ಮೊಬೈಲಿಗೆ ಯಾರೂ ಬೇಡ.

ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದೊಡನೆ ಲಕ್ಷಾಂತರ ಜನ ಸುಮ್ಮನಾಗುತ್ತಾರೆ, ಒಂದು ಸಾಲಿನ ಕಾರಣಿಕ ಕೇಳಲು. ಅದು ಕಿವಿ ತೆರೆದ ಮೌನ. ನಾನು ಹಿಂದಿನ ಸೀಟಿಗೆ ತಂದದ್ದು ಕಿವಿ ಮುಚ್ಚಿಸಿದ ಮೌನ. ಸುಮ್ಮನಿರುವ ಮಗುವನ್ನು ಸುಖವಾಗಿದೆಯೆಂದು ನಂಬುವುದು ದೊಡ್ಡವರಿಗೆ ಎಷ್ಟು ಸಲೀಸು!

ಹಡಗಲಿ ಬಂದಾಗ ಮೊಬೈಲ್ ಇಸಿದುಕೊಂಡೆ. ಅವನು ಅತ್ತ. ಒಗಟು ಹಾಕಲು ಹೋದೆ. ಜಾನಪದದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಒಂದೂ ನೆನಪಾಗಲಿಲ್ಲ. ಕೊನೆಗೆ ಅಜ್ಜಿಯೇ ಶುರುಮಾಡಿದಳು. ಉತ್ತರ ಹುಡುಕುತ್ತಾ ಅವನು ಅಳು ನಿಲ್ಲಿಸಿದ. ನಾನೂ ಹುಡುಕುತ್ತಿದ್ದೆ.