ಅರೆದು ಕುಡಿಸುವುದು

ಚೆನ್ನಾಗಿ ಓದಿಕೊಂಡವರನ್ನು ಕಂಡರೆ ‘ವ್ಯಾಕರಣ ಅರೆದು ಕುಡಿದಿದ್ದಾರೆ’ ಎನ್ನುತ್ತೇವೆ. ನಮ್ಮ ಭಾಷೆಯಲ್ಲಿ ಅದು ದೊಡ್ಡ ಹೊಗಳಿಕೆ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನನಗೆ ಈ ಮಾತಿನ ಮೇಲೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ತಾನೇ ಅರೆದು ತಾನೇ ಕುಡಿದರೆ ಸರಿ. ಆದರೆ ತರಗತಿಯಲ್ಲಿ ನಡೆಯುವುದೇ ಬೇರೆ. ಪಾಠವನ್ನು ನಾವು ಅರೆಯುತ್ತೇವೆ, ಪ್ರಶ್ನೋತ್ತರವಾಗಿ ಸೋಸುತ್ತೇವೆ, ಬೋರ್ಡಿನ ಮೇಲೆ ಬರೆದು ಹುಯ್ಯುತ್ತೇವೆ. ಮಕ್ಕಳು ಗುಟುಕರಿಸುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಒಂದಿಷ್ಟು ತಿರುಗಿಸಿ ಕೇಳಿದರೆ ಹತ್ತನೆಯ ತರಗತಿಯ ಹುಡುಗನೂ ಗಂಟಲಿಗೆ ಏನೋ ಸಿಕ್ಕಿಕೊಂಡವನಂತೆ ಕಣ್ಣು ಬಿಡುತ್ತಾನೆ.

ಆದರೆ ಇದನ್ನೆಲ್ಲ ಈಗ ಕೂತು ಯೋಚಿಸುವಂತೆ ಮಾಡಿದ್ದು ಶಾಲೆಯಲ್ಲ, ನಮ್ಮ ಅಡುಗೆಮನೆಯ ಮಿಕ್ಸಿ.

ನಾವಿರುವುದು ಸಿಂಗಾಪುರದಲ್ಲಿ. ಹೀಗೆಂದ ಕೂಡಲೇ ಹೊಸಬರ ಹುಬ್ಬು ಮೇಲೇರುತ್ತದೆ. ಈ ಸಿಂಗಾಪುರಕ್ಕೆ ವೀಸಾ ಬೇಡ, ಸಿಟಿ ಬಸ್ಸು ಸಾಕು. ಬೆಂಗಳೂರಿನ ಉತ್ತರಕ್ಕೆ ವಿದ್ಯಾರಣ್ಯಪುರ, ಎಂ.ಎಸ್. ಪಾಳ್ಯಗಳ ಪಕ್ಕದಲ್ಲಿ ತನ್ನದೇ ಒಂದು ಕೆರೆಯಿದ್ದ ಹಳ್ಳಿ ಇದು. ಕೆರೆ ಈಗಲೂ ಇದೆ, ಸುತ್ತ ಕಟ್ಟಡಗಳೂ ಇವೆ. ಅಂಥದೊಂದು ಕಟ್ಟಡದಲ್ಲಿ ಮಗ, ಸೊಸೆ, ಮೊಮ್ಮಗಳು ಮತ್ತು ನಾನು. ಮಗ, ಸೊಸೆ ಇಬ್ಬರಿಗೂ ಕಂಪನಿ ಕೆಲಸ, ನನಗೆ ಇನ್ನೂ ಶಾಲೆ ಇದೆ. ಹಗಲು ಮಗುವನ್ನು ನೋಡಿಕೊಳ್ಳಲು ರಾಯಚೂರು ಕಡೆಯಿಂದ ಬಂದು ಇಲ್ಲಿಯೇ ಸಮೀಪದಲ್ಲಿ ನೆಲೆಸಿರುವ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಅವಳಿಗೂ ಎರಡು ಮಕ್ಕಳು.

2017ರಲ್ಲಿ ಹೆರಿಗೆ ರಜೆಯ ಕಾನೂನು ತಿದ್ದುಪಡಿಯಾಗಿ ಹನ್ನೆರಡು ವಾರದ ರಜೆ ಇಪ್ಪತ್ತಾರು ವಾರವಾಯಿತು. ಒಳ್ಳೆಯದೇ ಆಯಿತು, ಆರು ತಿಂಗಳು ಎದೆಹಾಲು ಕುಡಿಸಲು ಅನುಕೂಲ. ಆದರೆ ಇನ್ನೊಂದು ವಿಚಿತ್ರವನ್ನು ಗಮನಿಸಿದ್ದೀರಾ? ಇಪ್ಪತ್ತಾರು ವಾರವೆಂದರೆ ಸರಿಯಾಗಿ ಆರು ತಿಂಗಳು. ಮಗು ಮೊದಲ ತುತ್ತಿಗೆ ಬಾಯಿ ತೆರೆಯುವ ವಾರದಲ್ಲೇ ತಾಯಿ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುತ್ತಾಳೆ. ಹಾಲು ಕೊಡುವವರೆಗೆ ಮಗು ಅವಳದು. ಅನ್ನ ಶುರುವಾದ ಮೇಲೆ ತೀರ್ಮಾನ ಒಬ್ಬರದು, ತುತ್ತು ಇಡುವ ಕೈ ಇನ್ನೊಬ್ಬರದು.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಮೊದಲ ಎರಡು ತಿಂಗಳು ಯಾವ ತಂಟೆಯೂ ಇರಲಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸಣ್ಣಗೆ ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಿಟ್ಟ ಹಿಟ್ಟಿನ ಸರಿ ಮಾಡಿ ತಿನ್ನಿಸಿದೆವು. ಈ ಮೊಳಕೆಯ ಕೆಲಸವನ್ನು ನಮ್ಮ ಹಿಂದಿನವರು ಸುಮ್ಮನೆ ಹಚ್ಚಿಕೊಂಡದ್ದಲ್ಲ. ಮೊಳೆತ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಗಂಜಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಪುಟ್ಟ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಇಂಥದೇ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ತಂಟೆ ಶುರುವಾದದ್ದು ಎಂಟನೆಯ ತಿಂಗಳಲ್ಲಿ. ಸರಿ ಆಯಿತು, ಮುಂದೇನು? ಅನ್ನ, ಬೇಳೆ, ಕ್ಯಾರೆಟ್ಟು ಎಲ್ಲವೂ ಮಿಕ್ಸಿಗೆ ಬಿದ್ದು ಒಂದೇ ಬಣ್ಣದ ನುಣ್ಣನೆಯ ಲೇಹ್ಯವಾಗಿ ಹೊರಬರುತ್ತಿದ್ದವು. ಮಗುವೂ ಚಪ್ಪರಿಸಿ ನುಂಗುತ್ತಿತ್ತು. ಒಂದು ದಿನ ನಾನು, ‘ಇನ್ನು ಮಿಕ್ಸಿ ಬಿಟ್ಟು ಕೈಯಲ್ಲಿ ಕಿವುಚಿ ಕೊಡೋಣವೇನಮ್ಮ?’ ಎಂದೆ. ಸೊಸೆಯ ಮುಖ ಬಿಳಿಚಿತು. ‘ಬೇಡ ಅತ್ತೆ. ನಾನು ಇಲ್ಲದಾಗ ಗಂಟಲಿಗೆ ಸಿಕ್ಕಿಕೊಂಡರೆ? ದಯವಿಟ್ಟು ಮಿಕ್ಸಿಯಲ್ಲೇ ಹಾಕಿ.’

ಅವಳ ಭಯವನ್ನು ಹಳ್ಳಿಮಾತಿನಿಂದ ತಳ್ಳಿಹಾಕುವುದು ಸುಲಭ. ‘ನಾವೆಲ್ಲ ಹಾಗೇ ಬೆಳೆದಿಲ್ಲವೇ’ ಎಂದರೆ ಮುಗಿಯಿತು. ಆದರೆ ಬೆಳೆದವರು ಮಾತ್ರ ಆ ಮಾತು ಹೇಳಲು ಉಳಿದಿರುತ್ತಾರೆ. ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಇಳಿದ ಮಕ್ಕಳನ್ನು ನಮ್ಮ ದೇಶದ ವೈದ್ಯರು ಇಂದಿಗೂ ನೋಡುತ್ತಲೇ ಇರುತ್ತಾರೆ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಗಟ್ಟಿ ಕ್ಯಾರೆಟ್ಟಿನ ತುಂಡು ಎಳೆಯ ಮಕ್ಕಳ ಕೈಗೆ ಸಿಗಲೇಬಾರದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ನಮ್ಮ ರಸ್ತೆಗೆ ತಳ್ಳುಗಾಡಿಯಲ್ಲಿ ಬರುವ ಕಪ್ಪು ದ್ರಾಕ್ಷಿಯನ್ನು ಸಹ ಬೀಜ ತೆಗೆದು, ಉದ್ದುದ್ದಕ್ಕೆ ಸೀಳಿಯೇ ಕೊಡಬೇಕು. ಅಂದಮೇಲೆ ಅವಳು ಹೆದರಿದ್ದರಲ್ಲಿ ತಪ್ಪೇನಿಲ್ಲ.

ಹಾಗೆಂದು ಎಲ್ಲ ಗಟ್ಟಿಯೂ ಒಂದೇ ಅಲ್ಲ. ಬೆರಳ ನಡುವೆ ಒತ್ತಿದರೆ ಮೆದುವಾಗಿ ಹಿಸುಕಿಹೋಗುವ ಅನ್ನ, ಬೆಂದ ಕುಂಬಳ, ಬಾಳೆಹಣ್ಣು, ಇಡ್ಲಿಯ ಚೂರು ಬೇರೆ. ಇವಕ್ಕೆ ಹಲ್ಲು ಬೇಕೆಂದು ನಾವು ತಿಳಿಯುತ್ತೇವೆ. ಅರೆಯುವ ದವಡೆ ಹಲ್ಲು ಬರುವುದೇ ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ವಸಡೇ ಸಾಕು. ಬೇಕಾಗಿರುವುದು ನಾಲಿಗೆಯ ಕಲಿಕೆ. ಹಾಲು ಚೀಪುವ ನಾಲಿಗೆ ಹಿಂದೆ ಮುಂದೆ ಮಾತ್ರ ಓಡಾಡುತ್ತದೆ. ಅಗಿಯಬೇಕಾದರೆ ತುತ್ತನ್ನು ಪಕ್ಕಕ್ಕೆ ದೂಡಬೇಕು. ನುಣ್ಣನೆಯದನ್ನು ಮಾತ್ರ ಕೊಡುತ್ತಿದ್ದರೆ ಪಕ್ಕಕ್ಕೆ ದೂಡುವ ಪ್ರಸಂಗವೇ ಅದಕ್ಕೆ ಬರುವುದಿಲ್ಲ.

ಇದಕ್ಕೊಂದು ಕಾಲವಿದೆ ಎಂಬ ಮಾತನ್ನು 1964ರಲ್ಲೇ ಇಲಿಂಗ್‌ವರ್ತ್ ಮತ್ತು ಲಿಸ್ಟರ್ ಎಂಬ ಇಂಗ್ಲೆಂಡಿನ ವೈದ್ಯರು ಬರೆದಿದ್ದರು. ಅಗಿಯಲು ಸಿದ್ಧವಾದ ಹೊತ್ತಿನಲ್ಲಿ ಅಗಿಯುವುದಕ್ಕೆ ಸಿಗದಿದ್ದರೆ ಮುಂದೆ ಕಷ್ಟ ಎಂದು. ಆಮೇಲೆ ಬ್ರಿಸ್ಟಲ್ ಸುತ್ತಲಿನ ಸಾವಿರಾರು ಮಕ್ಕಳ ಊಟವನ್ನು ಗುರುತಿಟ್ಟ ಅಧ್ಯಯನದಲ್ಲಿ, ಹತ್ತು ತಿಂಗಳ ನಂತರವೇ ಗಂಟುಗಂಟಾದ ಆಹಾರ ಕಂಡ ಮಕ್ಕಳು ಮುಂದೆ ಊಟದಲ್ಲಿ ಹೆಚ್ಚು ಹಟ ಮಾಡುತ್ತಿದ್ದುದು ಕಂಡುಬಂತು. 2001ರಲ್ಲಿ ಒಂದು ವರದಿ, ಅವೇ ಮಕ್ಕಳಿಗೆ ಏಳು ವರ್ಷವಾದಾಗಿನ ಸಂಗತಿ 2009ರಲ್ಲಿ ಇನ್ನೊಂದು. ಮೊದಲೇ ಹಟಮಾರಿಯಾದ ಮಗುವಿಗೆ ತಾಯಿ ತಡವಾಗಿ ಕೊಟ್ಟಿರಬಹುದು ಎಂಬ ತಕರಾರು ಇದ್ದೇ ಇದೆ. ಆದರೂ ಆರು ತಿಂಗಳಿಗೆ ಕಿವುಚಿದ್ದು, ಎಂಟಕ್ಕೆ ಬೆರಳಲ್ಲಿ ಹಿಡಿದು ತಿನ್ನುವಂಥದು, ವರ್ಷಕ್ಕೆ ಮನೆಯವರೆಲ್ಲ ಉಣ್ಣುವುದು ಎಂಬ ಲೆಕ್ಕವನ್ನೇ ವಿಶ್ವ ಆರೋಗ್ಯ ಸಂಸ್ಥೆಯವರೂ 2003ರಿಂದ ಹೇಳಿಕೊಂಡು ಬಂದಿದ್ದಾರೆ. ‘ಹಲ್ಲಿದ್ದಾಗ ಕಡಲೆ ಇಲ್ಲ’ ಎಂದು ನಾವು ಗಾದೆ ಹೇಳುತ್ತೇವಲ್ಲ, ಇಲ್ಲಿ ಅದು ತಿರುಗುಮುರುಗು. ಮನೆಯಲ್ಲಿ ಎಲ್ಲವೂ ಇದೆ, ಕೊಡಲು ಕೈ ಬಾರದು.

ಕೈ ಏಕೆ ಬಾರದು? ನನ್ನನ್ನು ಕಾಡಿದ ಪ್ರಶ್ನೆ ಇದು. ಕೊಟ್ಟು ಏನಾದರೂ ಆದರೆ ಕೊಟ್ಟವರ ಹೆಸರು ಬರುತ್ತದೆ. ಕೊಡದೆ ಏನಾದರೂ ಆದರೆ ಯಾರ ಹೆಸರೂ ಬರುವುದಿಲ್ಲ. ಐದು ವರ್ಷದ ಹುಡುಗಿ ಊಟದ ಡಬ್ಬಿ ತೆರೆದು ಚಪಾತಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕೂತಿರುವುದನ್ನು ನಾನು ಶಾಲೆಯಲ್ಲಿ ನೋಡುತ್ತೇನೆ. ‘ಇದು ನಿಮ್ಮಿಂದಾಯಿತು’ ಎಂದು ಅದರ ತಾಯಿಗೆ ಹೇಳುವವರು ಯಾರು? ಹೇಳುವಂತೆಯೂ ಇಲ್ಲ, ಕಾರಣ ನೂರಿರಬಹುದು. ಎಲ್ಲರಿಗೂ ಕಾಣುವ ಅಪಾಯವನ್ನು ತಪ್ಪಿಸಲು ಯಾರ ಕಣ್ಣಿಗೂ ಬೀಳದ ಅಪಾಯವನ್ನು ಆರಿಸಿಕೊಳ್ಳುತ್ತೇವೆ, ಅದಕ್ಕೆ ಜೋಪಾನವೆಂದು ಹೆಸರಿಡುತ್ತೇವೆ. ಜೋಪಾನ ಮಗುವಿನದೋ, ನಮ್ಮದೋ?

ನಮ್ಮ ಮನೆಗೆ ಬರುವಾಕೆಯನ್ನು ಒಂದು ಸಂಜೆ ಕೇಳಿದೆ. ಅವಳ ಚಿಕ್ಕ ಮಗ ಒಂಬತ್ತು ತಿಂಗಳಿಗೇ ಬೇಳೆಕಟ್ಟಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿನ್ನುತ್ತಿದ್ದನಂತೆ. ‘ಹಾಗಾದರೆ ಇದಕ್ಕೂ ಕೊಡಬಹುದಲ್ಲವೇ?’ ಎಂದೆ. ಅವಳು ನಕ್ಕಳು. ‘ನನ್ನ ಕೂಸಿಗಾದ್ರ ಕೊಡ್ತೀನ್ರೀ ಅಮ್ಮಾರ. ಇದಕ್ಕ ಕೊಡೋ ಧೈರ್ಯ ನನಗಿಲ್ರೀ.’

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ತನ್ನ ಮಗುವಿಗೆ ಕೊಡುವುದನ್ನು ನಮ್ಮ ಮಗುವಿಗೆ ಕೊಡಳು. ನಮ್ಮ ಮಗುವಿನ ಮೇಲೆ ಹೆಚ್ಚು ಪ್ರೀತಿಯೆಂದಲ್ಲ. ತನ್ನ ಮಗುವಿಗೆ ಏನಾದರೂ ಆದರೆ ಅಳಲು ಅವಳಿಗೆ ಹಕ್ಕಿದೆ, ನಮ್ಮದಕ್ಕೆ ಆದರೆ ಅವಳು ಉತ್ತರ ಕೊಡಬೇಕು. ಅಳುವ ಹಕ್ಕಿಲ್ಲದ ಕಡೆ ಧೈರ್ಯ ಎಲ್ಲಿಂದ ಬಂದೀತು? ಅವಳ ಬದುಕು ನಮ್ಮದಕ್ಕಿಂತ ಸಹಜ, ಆರೋಗ್ಯಕರ ಎಂದು ಹಾಡಿ ಹೊಗಳಲು ನಾನು ಹೊರಟಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರರಿಂದ ಇಪ್ಪತ್ಮೂರು ತಿಂಗಳ ನೂರು ಮಕ್ಕಳಲ್ಲಿ ಸುಮಾರು ಹನ್ನೊಂದಕ್ಕೆ ಮಾತ್ರ ಸಾಕಷ್ಟು ಆಹಾರ ಸಿಗುತ್ತಿತ್ತು. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಅರವತ್ತೇಳಕ್ಕೆ ರಕ್ತಹೀನತೆ. ರೊಟ್ಟಿ ಅಗಿಯಲು ಕಲಿತ ಮಗುವಿಗೆ ರೊಟ್ಟಿಯ ಜೊತೆ ಇನ್ನೇನು ಸಿಕ್ಕಿತು ಎಂಬುದು ಬೇರೆಯೇ ದೊಡ್ಡ ಮಾತು.

ಇನ್ನು ನನ್ನ ವಿಷಯ. ಸಂಜೆ ನಾಲ್ಕೂವರೆಗೆ ನಾನು ಬರುತ್ತೇನೆ, ಸೊಸೆ ಬರುವುದು ಏಳಕ್ಕೆ. ಎರಡೂವರೆ ಗಂಟೆ ಮಗು ನನ್ನ ಕೈಯಲ್ಲಿ. ಮೆತ್ತನ್ನ ಕಿವುಚಿ ನಾಲ್ಕು ತುತ್ತು ಇಟ್ಟರೆ ಯಾರಿಗೂ ತಿಳಿಯದು. ಸ್ಟಾಫ್ ರೂಮಿನಲ್ಲಿ ಇಬ್ಬರು ಅತ್ತೆಯರು ಇದೇ ಉಪಾಯ ಹೇಳಿಕೊಟ್ಟರು. ‘ಕಲಿತ ಮೇಲೆ ಹೇಳಿದರಾಯಿತು ಬಿಡಿ, ಅವಳಿಗೂ ಖುಷಿಯೇ.’ ನನ್ನ ಮಗ ಚಿಕ್ಕವನಿದ್ದಾಗ ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವರ ಹಿಂದಿನವರಂತೂ ತುತ್ತನ್ನು ತಾವೇ ಅಗಿದು ಮಗುವಿನ ಬಾಯಿಗಿಡುತ್ತಿದ್ದರು. ಎಂಜಲಿನ ಜೊತೆ ಹುಳುಕುಹಲ್ಲಿನ ರೋಗಾಣುವೂ ದಾಟುತ್ತದೆಯೆಂದು ದಂತವೈದ್ಯರು ಹೇಳುತ್ತಾರೆ, ಆ ಪದ್ಧತಿ ಹೋದದ್ದು ಒಳ್ಳೆಯದಾಯಿತು. ಆದರೆ ಯೋಚಿಸಿದರೆ ಮಿಕ್ಸಿ ಮಾಡುವುದೂ ಅದನ್ನೇ, ಎಂಜಲಿಲ್ಲ ಅಷ್ಟೆ.

ನಾನು ಗುಟ್ಟಾಗಿ ಕೊಡಲಿಲ್ಲ. ಕೊಟ್ಟಿದ್ದರೆ ಮಗು ಕಲಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನನಗೆ ಹೆಚ್ಚು ತಿಳಿದಿದೆ ಎಂಬುದು ಅವಳಿಗೆ ತಿಳಿಯದಂತೆ ಮಾಡಲು ನನಗೆ ಸಿಕ್ಕ ಪರವಾನಗಿಯೇ? ಅವಳ ಮಗು ಅವಳ ಬೆನ್ನ ಹಿಂದೆ ಒಂದು ವಿದ್ಯೆ ಕಲಿತರೆ, ಮರುದಿನದಿಂದ ಅವಳು ಆಫೀಸಿನಲ್ಲಿ ಕೂತು ‘ಇನ್ನೇನೇನು ನನಗೆ ತಿಳಿಯದೆ ನಡೆಯುತ್ತಿದೆಯೋ’ ಎಂದುಕೊಳ್ಳುವುದಿಲ್ಲವೇ? ಆ ಅನುಮಾನವನ್ನು ಯಾವ ಮಿಕ್ಸಿಯಲ್ಲಿ ಹಾಕಿ ನುಣ್ಣಗೆ ಮಾಡಲಿ? ಅವಳ ಭಯವನ್ನು ನಾನು ಅರೆದು ಕುಡಿಸುವಂತಿಲ್ಲ. ಅದನ್ನು ಅವಳೇ ಅಗಿಯಬೇಕು.

ಮಗುವಿನ ಡಾಕ್ಟರ ಹತ್ತಿರ ಲಸಿಕೆಗೆ ಹೋದಾಗ ಇಬ್ಬರೂ ಕೂತು ಕೇಳಿಕೊಂಡೆವು. ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ ಎಂದು ಆಕೆ ಬಿಡಿಸಿ ಹೇಳಿದರು. ಎಳೆಮಕ್ಕಳಿಗೆ ಓಕರಿಕೆ ನಾಲಿಗೆಯ ಮುಂಭಾಗದಲ್ಲೇ ಹುಟ್ಟುತ್ತದೆ. ಮುಖ ಕೆಂಪಾಗಿ, ಸದ್ದು ಮಾಡಿ, ತುತ್ತನ್ನು ಮುಂದಕ್ಕೆ ತಳ್ಳುತ್ತವೆ. ಅದು ಕಾವಲುಗಾರ, ಅದಕ್ಕೆ ಹೆದರಬೇಕಾಗಿಲ್ಲ. ನಿಜವಾಗಿ ಉಸಿರುಗಟ್ಟಿದ ಮಗುವಿನಿಂದ ಸದ್ದೇ ಬರುವುದಿಲ್ಲ, ಕೆಮ್ಮಲೂ ಆಗುವುದಿಲ್ಲ. ನಾವು ‘ನೆತ್ತಿಗೇರಿತು’ ಎಂದು ನೆತ್ತಿ ತಟ್ಟುತ್ತೇವಲ್ಲ, ಅದರಿಂದ ಏನೂ ಆಗದು. ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಾಗಿ ಮಲಗಿಸಿ ಭುಜದೆಲುಬುಗಳ ನಡುವೆ ಐದು ಬಾರಿ ತಟ್ಟಬೇಕು. ಹೋಗದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಬಾರಿ ಒತ್ತಬೇಕು. ಕಾಣದ ತುತ್ತಿಗೆ ಬೆರಳು ಹಾಕಿ ತಡಕಬಾರದು. ಸೊಸೆ ಮನೆಗೆ ಬಂದು ಒಂದು ಗೊಂಬೆಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿದಳು. ಮಗನಿಂದಲೂ ಮಾಡಿಸಿದಳು.

ಮೊದಲ ತುತ್ತು ಅವಳೇ ಇಟ್ಟಳು, ಭಾನುವಾರ, ಮಗುವನ್ನು ನೆಟ್ಟಗೆ ಕೂರಿಸಿ. ಬೇಳೆ ಅನ್ನ, ಬೆರಳಲ್ಲಿ ಅರೆಬರೆ ಕಿವುಚಿದ್ದು. ಎರಡನೆಯ ತುತ್ತಿಗೇ ಮಗು ಓಕರಿಸಿತು. ಸೊಸೆ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಮಗುವನ್ನು ಎತ್ತಿಕೊಳ್ಳಲಿಲ್ಲ. ನಾನು ನನ್ನ ಜಾಗದಿಂದ ಏಳಲಿಲ್ಲ. ಕೂರುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮಗು ತುತ್ತನ್ನು ಗಲ್ಲದ ಮೇಲೆ ಉಗುಳಿ, ಅದನ್ನೇ ಕೈಯಿಂದ ಒರೆಸಿ ಮತ್ತೆ ಬಾಯಿಗೆ ಹಾಕಿಕೊಂಡಿತು.

ಸೋಮವಾರ ಬೆಳಿಗ್ಗೆ ಸೊಸೆ ರಾಯಚೂರಿನಾಕೆಯನ್ನು ಕೂರಿಸಿಕೊಂಡು ತುತ್ತಿನ ಅಳತೆ ತೋರಿಸಿದಳು, ಗೊಂಬೆಯ ಮೇಲೆ ತಟ್ಟುವುದನ್ನೂ ಕಲಿಸಿದಳು. ‘ನಾನೇ ಹೇಳಿ ಕೊಡಿಸುತ್ತಿರುವುದು. ಏನಾದರೂ ಆದರೆ ನಿನ್ನ ಮೇಲೆ ಹಾಕುವುದಿಲ್ಲ’ ಎಂದಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣಾರ ಎದುರಿಗೂ ಇದನ್ನ ಒಂದು ಸಲ ಹೇಳ್ರೀ’ ಎಂದಳು. ಸೊಸೆ ಗಂಡನನ್ನು ಕರೆದು ಅವನ ಎದುರಿಗೂ ಹೇಳಿದಳು.

ಈಗ ಮಗುವಿಗೆ ಹನ್ನೊಂದು ತಿಂಗಳು. ಮಿಕ್ಸಿ ಚಟ್ನಿಗಷ್ಟೇ ಇಳಿಯುತ್ತದೆ. ಮೊನ್ನೆ ಮಗ ತನ್ನ ತಟ್ಟೆಯ ಮುದ್ದೆಯಿಂದ ಚಿಟಿಕೆಯಷ್ಟು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಮಗು ವಸಡಿನಿಂದ ಶ್ರದ್ಧೆಯಾಗಿ ಅಗಿಯತೊಡಗಿತು. ‘ಮುದ್ದೆ ಅಗಿಯಬಾರದು ಕಣೇ, ನುಂಗಬೇಕು’ ಎಂದು ಅವನು ಹೇಳುತ್ತಿದ್ದರೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ರಾಯಚೂರಿನಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.