ಬಾಲಕಥೆಯೂ ದಾಸ್ಯದ ಸತ್ಯವೂ

ಎಳೆಯರಿಗೆ ಇತಿಹಾಸವನ್ನು ಕಥಾರೂಪದಲ್ಲಿ ಕೊಡುವವರು ಅದರೊಳಗಿನ ಕಹಿಯನ್ನು ಎಷ್ಟರಮಟ್ಟಿಗೆ ಉಳಿಸಬೇಕೆಂಬುದು ಸಣ್ಣ ಪ್ರಶ್ನೆಯೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಅಮೆರಿಕೆಯ ಒಂದು ಪುಸ್ತಕದ ಗತಿಯನ್ನು ತಮ್ಮ ಮುಂದಿಡುತ್ತೇವೆ.

2016ರ ಜನವರಿಯಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನವು ‘ಎ ಬರ್ತ್‌ಡೇ ಕೇಕ್ ಫಾರ್ ಜಾರ್ಜ್ ವಾಷಿಂಗ್ಟನ್’ ಎಂಬ ಚಿತ್ರಕಥೆಯನ್ನು ಹೊರತಂದಿತು. ಅಧ್ಯಕ್ಷರ ಅಡುಗೆಮನೆಯಲ್ಲಿ ಸಕ್ಕರೆ ಮುಗಿದಿದೆ. ಬಾಣಸಿಗ ಹರ್ಕ್ಯುಲೀಸನು ಜೇನುತುಪ್ಪದಿಂದ ಕೇಕನ್ನು ಸಿದ್ಧಪಡಿಸುತ್ತಾನೆ, ಮಗಳು ಡೀಲಿಯಾ ನೆರವಾಗುತ್ತಾಳೆ. ಎಲ್ಲೆಲ್ಲಿಯೂ ನಗೆಮೊಗಗಳು. ಆದರೆ ತಂದೆಯೂ ಮಗಳೂ ದಾಸರು! ಪ್ರತಿಭಟನೆಯೆದ್ದು ಅದೇ ತಿಂಗಳು ಪುಸ್ತಕವನ್ನು ಹಿಂತೆಗೆದುಕೊಳ್ಳಲಾಯಿತು. ತಿದ್ದಿ ಬರೆಯಿಸಿದ್ದರೆ ಲೇಸಾಗಿತ್ತೆಂದು ನಮ್ಮ ಭಾವನೆ.

ನಗುವಿದ್ದುದೇ ತಪ್ಪೆಂದು ನಾವು ಹೇಳಲಾರೆವು. ತನ್ನ ಕೈಚಳಕದಲ್ಲಿ ಅಭಿಮಾನಪಡುವ ಹಕ್ಕು ದಾಸನಿಗೂ ಉಂಟು. ಹರ್ಕ್ಯುಲೀಸನಂತೂ ಹೆಸರಾಂತ ಬಾಣಸಿಗ, ಉಡಿಗೆ ತೊಡಿಗೆಯಲ್ಲಿಯೂ ಶೋಕಿಗಾರ. ದಾಸನನ್ನು ಸದಾ ಅಳುವವನನ್ನಾಗಿಯೇ ಚಿತ್ರಿಸುವುದು ಇನ್ನೊಂದು ಬಗೆಯ ಅನ್ಯಾಯ. ದೋಷವಿರುವುದು ಬೇರೆಡೆ. ಅವನು ತಪ್ಪಿಸಿಕೊಂಡು ಹೋದನೆಂಬ ಸಂಗತಿ ಕಥೆಯಲ್ಲಿಲ್ಲ, ಕೊನೆಯ ಟಿಪ್ಪಣಿಯಲ್ಲಿದೆ. ಕಥೆ ಮುಗಿದೊಡನೆ ಮಗು ಪುಸ್ತಕ ಮುಚ್ಚುತ್ತದೆ. ಟಿಪ್ಪಣಿ ಓದುವವರು ದೊಡ್ಡವರು.

ಹೋದ ಬಗೆಯಾದರೂ ಎಂಥದು! ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ ಹೊರಗಿನಿಂದ ಬಂದು ಆರು ತಿಂಗಳು ಎಡೆಬಿಡದೆ ಅಲ್ಲಿದ್ದ ದಾಸನು ಸ್ವಾತಂತ್ರ್ಯವನ್ನು ಕೇಳಬಹುದಾಗಿತ್ತು. ಅವಧಿ ತುಂಬುವ ಮೊದಲೇ ವಾಷಿಂಗ್ಟನ್ನನು ತನ್ನ ದಾಸರನ್ನು ಗಡಿಯಾಚೆ ಕಳುಹಿಸಿ ಮರಳಿ ಕರೆಸಿಕೊಳ್ಳುತ್ತಿದ್ದನು. ಸ್ವಾತಂತ್ರ್ಯಸಮರದ ಸೇನಾನಿಯೇ ಹೀಗೆ ತಿಂಗಳೆಣಿಸುತ್ತಿದ್ದುದನ್ನು ತಾವು ಗಮನಿಸಬೇಕು. 1796ರ ಕೊನೆಗೆ ಹರ್ಕ್ಯುಲೀಸನನ್ನು ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿ ಕಲ್ಲೊಡೆಯುವ, ಇಟ್ಟಿಗೆಗೆ ಮಣ್ಣಗೆಯುವ ಕೆಲಸಕ್ಕೆ ಹಚ್ಚಲಾಯಿತು. 1797ರ ಫೆಬ್ರವರಿ 22ರಂದು, ಒಡೆಯನ 65ನೆಯ ಹುಟ್ಟುಹಬ್ಬದಂದೇ, ಅವನು ಕಣ್ಮರೆಯಾದನು.

ಇಂಥದನ್ನು ಮಕ್ಕಳು ತಾಳಲಾರರೆಂಬ ವಾದವನ್ನು ತಾವೂ ಕೇಳಿರಬಹುದು. ಅದಕ್ಕೆ ಉತ್ತರವು ಆ ಕಾಲದಲ್ಲಿಯೇ ದೊರೆತಿದೆ. ಮುಂದೆ ಫ್ರಾನ್ಸಿನ ಅರಸನಾದ ಲೂಯಿ ಫಿಲಿಪ್ಪನು ಅದೇ ವರ್ಷ ಮೌಂಟ್ ವರ್ನನ್ನಿಗೆ ಬಂದಿದ್ದಾಗ, ಅವನ ಪರಿಚಾರಕನು ಬಾಣಸಿಗನ ಆರು ವರ್ಷದ ಮಗಳನ್ನು ಕಂಡು, ಇನ್ನು ತಂದೆಯನ್ನು ಕಾಣಲಾರೆನೆಂಬ ದುಃಖವಾಗದೇ ಎಂದು ವಿಚಾರಿಸಿದನು. ತಂದೆ ಈಗ ಸ್ವತಂತ್ರನಾದುದರಿಂದ ತನಗೆ ಸಂತೋಷವೇ ಆಗಿದೆಯೆಂದು ಆ ಬಾಲೆ ನುಡಿದಳೆಂಬುದು ಅವನ ದಿನಚರಿಯಲ್ಲಿ ದಾಖಲಾಗಿದೆ. ಎಳೆಯ ಓದುಗರಿಗೆ ಭಾರವೆಂದು ಟಿಪ್ಪಣಿಗೆ ಸರಿಸಿದ ವಿಷಯವನ್ನು ಅವರ ವಯಸ್ಸಿನವಳೇ ಆಡಿದ್ದಳು.

ವಾಷಿಂಗ್ಟನ್ನನ ಉಯಿಲಿನ ಫಲವಾಗಿ 1801ರ ಜನವರಿ 1ರಂದು ಹರ್ಕ್ಯುಲೀಸನು ಕಾನೂನಿನಂತೆಯೂ ಬಿಡುಗಡೆ ಹೊಂದಿದನು. ಮಕ್ಕಳಿಗೆ ಅದು ಅನ್ವಯಿಸಲಿಲ್ಲ. ಅವರ ತಾಯಿ ವಾಷಿಂಗ್ಟನ್ನನ ಪತ್ನಿಯ ಮೊದಲ ಗಂಡನ ಆಸ್ತಿಗೆ ಸೇರಿದವಳು. ಮಕ್ಕಳೂ ತಾಯಿಯ ಲೆಕ್ಕಕ್ಕೇ ಸೇರಿದರು.